ರೋಗಿಯ ನಿವೇದನೆ ಮತ್ತು ಪರೀಕ್ಷೆಯ ಪ್ರಮಾಣ: ದೀರ್ಘ ಕೋವಿಡ್‌ನಲ್ಲಿ ಧೀಶಕ್ತಿಯ ಕುಂದನ್ನು ಕುರಿತು ಒಂದು ವಿವೇಚನೆ

ಕೋವಿಡ್ ಸೋಂಕಿನ ಜ್ವರವಿಳಿದು ತಿಂಗಳುಗಳು ಕಳೆದರೂ ಓದಿದ ಪುಟ ಮನಸ್ಸಿನಲ್ಲಿ ನಿಲ್ಲದೆ, ಆಡಬೇಕಾದ ಮಾತು ನಾಲಗೆಯ ತುದಿಯಲ್ಲಿಯೇ ಉಳಿದು, ‘ತಲೆ ಮಂಕಾಗಿದೆ’ ಎಂದು ವೈದ್ಯರಲ್ಲಿ ಹೇಳಿಕೊಳ್ಳುವವರ ಮಾತಿಗೂ, ಅವರನ್ನೇ ಕುಳ್ಳಿರಿಸಿ ನಡೆಸಿದ ಮನಶ್ಶಾಸ್ತ್ರೀಯ ಪರೀಕ್ಷೆಯ ಫಲಕ್ಕೂ ಅನೇಕ ವೇಳೆ ಹೊಂದಿಕೆ ಕಾಣದಿರುವುದು ಈ ವ್ಯಾಧಿಯ ಅಧ್ಯಯನದಲ್ಲಿ ತಲೆದೋರಿರುವ ಒಂದು ಮುಖ್ಯ ಸಮಸ್ಯೆ. ಇದನ್ನು ಕಂಡು ರೋಗಿಯ ದೂರನ್ನು ಮಿಥ್ಯೆಯೆಂದು ತಳ್ಳಿಹಾಕುವವರೂ, ಪರೀಕ್ಷೆಯನ್ನೇ ನಿಷ್ಪ್ರಯೋಜಕವೆಂದು ಬದಿಗೊತ್ತುವವರೂ ಉಂಟು. ಈ ಎರಡು ಪಕ್ಷಗಳೂ, ಎರಡು ಅಳತೆಗಳು ಒಂದೇ ವಸ್ತುವನ್ನು ಅಳೆಯುತ್ತವೆಂಬ ಗ್ರಹಿಕೆಯಿಂದ ಹೊರಟಿವೆ. ಆ ಗ್ರಹಿಕೆ ಪ್ರಮಾಣಸಿದ್ಧವಲ್ಲವೆಂಬುದೇ ಈ ಲೇಖನದ ಪ್ರತಿಪಾದ್ಯ.

ವಿಶ್ವ ಆರೋಗ್ಯ ಸಂಸ್ಥೆಯು 2021ರ ಅಕ್ಟೋಬರಿನಲ್ಲಿ ಪ್ರಕಟಿಸಿದ ನಿರೂಪಣೆಯಂತೆ, ಸಾಮಾನ್ಯವಾಗಿ ರೋಗಾರಂಭದಿಂದ 3 ತಿಂಗಳ ವೇಳೆಗೆ ಕಂಡುಬಂದು, ಕನಿಷ್ಠ 2 ತಿಂಗಳಾದರೂ ಉಳಿದು, ಬೇರೆ ರೋಗನಿರ್ಣಯದಿಂದ ವಿವರಿಸಲಾಗದ ಲಕ್ಷಣಗಳು ದೀರ್ಘ ಕೋವಿಡ್ ಸ್ಥಿತಿಗೆ ಸೇರುತ್ತವೆ. ಆಯಾಸ, ಉಸಿರಾಟದ ಕಷ್ಟ ಇವುಗಳೊಡನೆ ಧೀಶಕ್ತಿಯ ಕುಂದನ್ನೂ ಅದು ಎಣಿಸಿದೆ. ಈ ಕುಂದನ್ನು ತಿಳಿಯುವ ಮಾರ್ಗಗಳು ಎರಡು. ಬ್ರಾಡ್‌ಬೆಂಟ್ ಮತ್ತು ಅವರ ಸಂಗಡಿಗರು 1982ರಲ್ಲಿ ರಚಿಸಿದ 25 ಪ್ರಶ್ನೆಗಳ ಪಟ್ಟಿಯಂಥವು ದೈನಂದಿನ ಮರೆವು, ಎಡವಟ್ಟುಗಳ ವಿಷಯದಲ್ಲಿ ರೋಗಿಯನ್ನೇ ಕೇಳುತ್ತವೆ. 2005ರಲ್ಲಿ ಪ್ರಕಟವಾದ 30 ಅಂಕಗಳ ಮಾಂಟ್ರಿಯಲ್ ಪರೀಕ್ಷೆಯಂಥವು ಸ್ಮೃತಿ, ಅವಧಾನ, ಭಾಷೆ ಮೊದಲಾದವನ್ನು ನೇರವಾಗಿ ಅಳೆಯುತ್ತವೆ.

ಇವೆರಡರ ಸಂಬಂಧ ಎಷ್ಟು ಶಿಥಿಲವೆಂಬುದನ್ನು ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಆಡಂ ಹ್ಯಾಂಪ್‌ಷೈರ್ ಮತ್ತು ಸಹೋದ್ಯೋಗಿಗಳು 2024ರಲ್ಲಿ ಪ್ರಕಟಿಸಿದ, ಇಂಗ್ಲೆಂಡಿನ 1,12,964 ಮಂದಿ ಪೂರ್ಣಗೊಳಿಸಿದ ಪರೀಕ್ಷೆಗಳನ್ನಾಧರಿಸಿದ ಅಧ್ಯಯನ ತೋರಿಸುತ್ತದೆ. ಲಕ್ಷಣಗಳು ಇನ್ನೂ ಉಳಿದಿದ್ದವರ ಸರಾಸರಿಯು ಸೋಂಕು ತಗುಲದವರಿಗಿಂತ 0.42 ಮಾನಕ ವಿಚಲನೆಯಷ್ಟು ಕೆಳಗಿತ್ತು. ಆದರೆ ಸ್ಮೃತಿ, ತರ್ಕ, ಯೋಜನೆಗಳ ಅಂಕಗಳಿಗೂ ರೋಗಿಗಳು ಹೇಳಿಕೊಂಡ ಮರೆವು, ಮಂಕುಗಳಿಗೂ ಇದ್ದ ಸಹಸಂಬಂಧ ದುರ್ಬಲವಾಗಿತ್ತು. ಮಾತ್ರವಲ್ಲ, ಲಕ್ಷಣಗಳು ಪೂರ್ತಿ ಶಮನವಾದವೆಂದವರಲ್ಲಿಯೂ ಸ್ವಲ್ಪಮಟ್ಟಿನ ಕೊರತೆ ಕಂಡಿತು. ಇದಕ್ಕೆ ಪ್ರತಿಯಾಗಿ, ಲಂಡನ್ನಿನ ಕಿಂಗ್ಸ್ ಕಾಲೇಜಿನವರು 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಾವು ಸಂಪೂರ್ಣ ಗುಣಮುಖರೆಂದು ಭಾವಿಸಿದವರಲ್ಲಿ ಕೊರತೆ ಕಾಣಲಿಲ್ಲ. ಜಿನೀವಾದ ಸಂಶೋಧಕರಾದರೋ ಸ್ಮೃತಿದೋಷವಿದ್ದೂ ಅದರ ಅರಿವೇ ಇಲ್ಲದ ರೋಗಿಗಳನ್ನು ಗುರುತಿಸಿದರು. ಆದುದರಿಂದ ನಿವೇದನೆಯು ಯಾವಾಗಲೂ ದೋಷವನ್ನು ಹಿಗ್ಗಿಸಿಯೇ ಹೇಳುತ್ತದೆಂಬ ಊಹೆ ನಿಲ್ಲಲಾರದು. ಅದು ಕುಗ್ಗಿಸಿ ಹೇಳುವುದೂ ಉಂಟು.

ಅಂತರದ ಕಾರಣಗಳಲ್ಲಿ ಮೊದಲನೆಯದು, ರೋಗಿಯು ತನ್ನನ್ನು ತನ್ನ ಪೂರ್ವಸ್ಥಿತಿಯೊಡನೆ ಹೋಲಿಸಿಕೊಂಡರೆ ಪರೀಕ್ಷೆಯು ಅವನನ್ನು ಇತರರ ಸರಾಸರಿಯೊಡನೆ ಹೋಲಿಸುವುದು. ಮೇಲಿನ ಮಟ್ಟದಿಂದ ಮಧ್ಯಮಕ್ಕೆ ಇಳಿದ ವಕೀಲನ ಅಂಕವು ‘ಸಹಜ’ವೆಂದೇ ದಾಖಲಾಗುತ್ತದೆ. ಎರಡನೆಯದಾಗಿ, ಮಾಂಟ್ರಿಯಲ್ ಪರೀಕ್ಷೆಯು ಸೌಮ್ಯ ಧೀದೌರ್ಬಲ್ಯವನ್ನು, ಮುಖ್ಯವಾಗಿ ವಯೋವೃದ್ಧರಲ್ಲಿ, ಶೋಧಿಸಲು ಹುಟ್ಟಿದ ಸಾಧನ. ನಿಶ್ಶಬ್ದ ಕೋಣೆಯಲ್ಲಿ ಕೆಲವೇ ನಿಮಿಷಗಳಲ್ಲಿ ಮುಗಿಯುವ ಅದಕ್ಕೆ, ಶ್ರಮದ ನಂತರ ಉಲ್ಬಣಿಸುವ ಬಳಲಿಕೆಯು ದಿನಾಂತ್ಯದಲ್ಲಿ ಉಂಟುಮಾಡುವ ಕುಸಿತ ಗೋಚರಿಸದು. ಮೂರನೆಯದಾಗಿ, ಖಿನ್ನತೆಯು ದೂರನ್ನು ಹೆಚ್ಚಿಸುವುದು ನಿಜವಾದರೂ, ಖಿನ್ನತೆಯನ್ನು ಅಳೆಯುವ ಪಿಎಚ್‌ಕ್ಯು-9 ಪ್ರಶ್ನಾವಳಿಯಲ್ಲಿಯೇ ಏಕಾಗ್ರತೆಯ ಕುರಿತ ಪ್ರಶ್ನೆಯೊಂದಿರುವುದರಿಂದ, ಇವೆರಡರ ಸಹಸಂಬಂಧದ ಒಂದಂಶ ಅನ್ಯೋನ್ಯಾಶ್ರಯ ದೋಷದಿಂದ ಬಂದುದು. ಇಲ್ಲಿ ಜರ್ಮನಿಯ ಯೇನಾ ನಗರದ ರೋಗಿಗಳನ್ನು ಕುರಿತು 2024ರಲ್ಲಿ ಪ್ರಕಟವಾದ ಸಂಶೋಧನೆ ಗಮನಾರ್ಹ: ಕೇವಲ 30 ಸೆಕೆಂಡುಗಳ ಸರಳ ಪ್ರತಿಕ್ರಿಯಾವೇಗದ ಪರೀಕ್ಷೆಯಲ್ಲಿ ಅವರು ಆರೋಗ್ಯವಂತರಿಗಿಂತ ಸುಮಾರು 3 ಮಾನಕ ವಿಚಲನೆಗಳಷ್ಟು ನಿಧಾನವಾಗಿದ್ದರು, ಖಿನ್ನತೆ, ಆಯಾಸ, ನಿದ್ರಾಭಂಗಗಳು ಆ ಮಾಂದ್ಯದ ಪ್ರಮಾಣವನ್ನು ವಿವರಿಸಲಿಲ್ಲ. ದೋಷವಿರುವ ಅಂಗವನ್ನೇ ಮುಟ್ಟುವ ಪರೀಕ್ಷೆಯನ್ನು ಆರಿಸಿದರೆ ಕಾಣದುದು ಕಾಣುತ್ತದೆಂಬುದಕ್ಕೆ ಇದು ನಿದರ್ಶನ.

ನಮ್ಮ ನಾಡಿನಲ್ಲಿ ವಿದ್ಯಾಭ್ಯಾಸ, ಭಾಷೆಗಳ ಭೇದವೂ ಈ ಅಂತರದ ಕಾರಣಗಳಿಗೆ ಸೇರುತ್ತದೆ. ಬೆಂಗಳೂರಿನ ನಿಮ್ಹಾನ್ಸ್ 2004ರಲ್ಲಿ ಹೊರತಂದ ಪರೀಕ್ಷಾಸಂಪುಟವು ವಯಸ್ಸು, ಲಿಂಗ, ವಿದ್ಯಾಭ್ಯಾಸಗಳಿಗನುಗುಣವಾದ ಮಾನಕಗಳನ್ನು ನೀಡಿರುವುದೂ, ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಪರೀಕ್ಷಾಸಾಧನವು ಕನ್ನಡದಲ್ಲಿಯೂ ಸಿದ್ಧವಾಗಿರುವುದೂ ಈ ದೃಷ್ಟಿಯಿಂದ ಉಪಯುಕ್ತ.

ನಿವೇದನೆಯು ವ್ಯಕ್ತಿಯ ಬದುಕಿಗೆ ತಗುಲಿದ ಹಾನಿಯನ್ನೂ, ಪರೀಕ್ಷೆಯು ಆ ಹೊತ್ತಿನ ಸಾಮರ್ಥ್ಯವನ್ನೂ ತಿಳಿಸುತ್ತವೆ. ಒಂದು ಇನ್ನೊಂದರ ಸ್ಥಾನವನ್ನು ತುಂಬಲಾರದು. ಆದಕಾರಣ ಎರಡನ್ನೂ ದಾಖಲಿಸುವುದು, ಮನೆಯವರ ಮಾತನ್ನೂ ಕೇಳುವುದು, ಪ್ರತಿಕ್ರಿಯಾವೇಗವನ್ನು ತಪ್ಪದೆ ಅಳೆಯುವುದು, ಅದೇ ವ್ಯಕ್ತಿಯನ್ನು ಕಾಲಾಂತರದಲ್ಲಿ ಮತ್ತೆ ಪರೀಕ್ಷಿಸುವುದು ವೈದ್ಯರ ಕರ್ತವ್ಯ. ಅಂಕವೊಂದು ಸಹಜವಾಗಿ ಬಂದಿತೆಂಬ ಕಾರಣಕ್ಕೆ ರೋಗಿಯ ದೂರನ್ನು ನಿರಾಧಾರವೆಂದು ಬರೆಯುವುದು ಶಾಸ್ತ್ರಸಮ್ಮತವಲ್ಲ.