ಪಿಯರ್ಸನ್ ಹತ್ತದ ರೈಲು

ಲಂಡನ್ನಿನ ಫ್ಯಾರಿಂಗ್ಡನ್ ನಿಲ್ದಾಣ ಅಂದ್ರೆ ನನಗೆ ನೆನಪಾಗೋದು ಚಾರ್ಲ್ಸ್ ಪಿಯರ್ಸನ್ ಎಂಬ ವಕೀಲ. ಕೂಲಿಕಾರರು ಪೇಟೆ ನಡುವಿನ ಕೊಳೆಗೇರಿಗಳಲ್ಲೇ ಯಾಕಿರಬೇಕು? ಊರಾಚೆ ಗಾಳಿ ಬೆಳಕಿರೋ ಮನೆಯಲ್ಲಿದ್ದು, ಅಗ್ಗದ ರೈಲಲ್ಲಿ ಕೆಲಸಕ್ಕೆ ಬರಲಿ ಅಂತ ಆತ 1845ರಿಂದಲೂ ವಾದಿಸಿದ.

1863ರ ಜನವರಿ 10ರಂದು ಪ್ಯಾಡಿಂಗ್ಟನ್ನಿನಿಂದ ಫ್ಯಾರಿಂಗ್ಡನ್‌ಗೆ ಜಗತ್ತಿನ ಮೊದಲ ಸುರಂಗ ರೈಲು ಜನರನ್ನು ಹೊತ್ತು ಓಡಿತು, ಹಬೆ ಎಂಜಿನ್ನಿನ ಹೊಗೆಯ ಸಮೇತ. ಪಿಯರ್ಸನ್ 4 ತಿಂಗಳ ಹಿಂದಷ್ಟೇ ತೀರಿಕೊಂಡಿದ್ದ. ಇನ್ನೂ ಕಹಿಯಾದ ಮಾತೆಂದರೆ, ಹಳಿಗೆ ಜಾಗ ಮಾಡಲು ಫ್ಲೀಟ್ ಕಣಿವೆಯಲ್ಲಿ ಬಡವರ ಮನೆಗಳನ್ನೇ ಕೆಡವಲಾಗಿತ್ತು.

1864ರಲ್ಲಿ ಕೂಲಿಕಾರರಿಗೆಂದೇ ನಸುಕಿನ ರೈಲು ಶುರುವಾಯ್ತು. ಹೋಗಿಬರಲು 3 ಪೆನ್ಸ್. ಪಿಯರ್ಸನ್‌ನ ನಿಜವಾದ ಸ್ಮಾರಕ ನನ್ನ ಪ್ರಕಾರ ಆ ಸುರಂಗ ಅಲ್ಲ, ಆ ಟಿಕೆಟ್ಟು. ಯಾವ ಮೆಟ್ರೋ ಯಾರಿಗಾಗಿ ಅಂತ ತಿಳಿಯೋಕೆ ನಾನು ಈಗಲೂ ಮೊದಲು ನೋಡೋದು ದರಪಟ್ಟಿಯನ್ನೇ.