ಅಳತೆ ಮತ್ತು ಸಾಕ್ಷ್ಯ: ಸಿ ಭಾಷೆಯ ಪರೀಕ್ಷಾ ಪ್ರೋಗ್ರಾಮುಗಳ ಚರಿತ್ರೆಯಲ್ಲಿ ಒಂದು ಪ್ರಕರಣ

ಗಣಕಯಂತ್ರಗಳ ಚರಿತ್ರೆಯನ್ನು ಬರೆಯುವವರು ಅವುಗಳ ವೇಗವನ್ನು ಅಂಕಿಗಳಲ್ಲಿ ಕೊಡುವುದು ವಾಡಿಕೆ. ಆ ಅಂಕಿಗಳಿಗೆ ಆಧಾರವಾದ ಪರೀಕ್ಷೆಯು ಯಂತ್ರದಲ್ಲಿ ಪೂರ್ಣವಾಗಿ ನಡೆಯಿತೇ ಎಂದು ವಿಚಾರಿಸುವವರು ವಿರಳ. ಪರೀಕ್ಷೆಗೆಂದೇ ಬರೆದ ಭಾಗಗಳನ್ನು ಕಂಪೈಲರು ಅಳಿಸಿಹಾಕದಂತೆ ಕಾಪಾಡಲು ನಡೆದ ಯತ್ನಗಳನ್ನು ನಾವು ಇಲ್ಲಿ ಪರಿಶೀಲಿಸುತ್ತೇವೆ.

ಮನುಷ್ಯನು ಬರೆದ ಪ್ರೋಗ್ರಾಮನ್ನು ಯಂತ್ರದ ಆಜ್ಞೆಗಳಾಗಿ ಮಾರ್ಪಡಿಸುವ ಸಾಧನವೇ ಕಂಪೈಲರು. 1957ರಲ್ಲಿ ಐಬಿಎಂ ಸಂಸ್ಥೆಯ ಜಾನ್ ಬ್ಯಾಕಸ್ ಮತ್ತು ಸಂಗಡಿಗರು ಹೊರತಂದ ಫೋರ್ಟ್ರಾನ್ ಕಂಪೈಲರಿನ ಕಾಲದಿಂದಲೂ ವ್ಯರ್ಥವಾದ ಕೆಲಸವನ್ನು ಕಡಿತಗೊಳಿಸುವ ಆಪ್ಟಿಮೈಸೇಶನ್ ಅದರ ಕರ್ತವ್ಯಗಳಲ್ಲೊಂದು. ಮೊರಬದಂತಹ ಊರುಗಳ ಎರೆಹೊಲದಲ್ಲಿ ಎಡೆಕುಂಟೆಯು ಸಾಲಿನಲ್ಲಿ ನಿಂತ ಸಸಿಯನ್ನು ಉಳಿಸಿ, ಸಾಲುಗಳ ನಡುವೆ ಹುಟ್ಟಿದ್ದನ್ನೆಲ್ಲ ಕೀಳುತ್ತದೆ. ಅದು ಕಳೆಯೋ ಬೆಳೆಯೋ ಎಂದು ಕೇಳುವುದಿಲ್ಲ. ಅಂತೆಯೇ ಕಂಪೈಲರು, ಫಲವನ್ನು ಯಾರೂ ಬಳಸದ ಲೆಕ್ಕವನ್ನು ಕಿತ್ತುಹಾಕುತ್ತದೆ. ಪರೀಕ್ಷಾ ಪ್ರೋಗ್ರಾಮಿನ ಲೆಕ್ಕಗಳಾದರೋ ಬಹುಮಟ್ಟಿಗೆ ಅಂತಹವೇ. ಅಲ್ಲಿ ಬೇಕಾದುದು ಉತ್ತರವಲ್ಲ, ಹಿಡಿದ ಕಾಲ.

1984ರಲ್ಲಿ ಸೀಮೆನ್ಸ್ ಸಂಸ್ಥೆಯ ರೈನ್‌ಹೋಲ್ಡ್ ವೈಕರ್ ಎಂಬವರು ಡ್ರೈಸ್ಟೋನ್ ಎಂಬ ಅಳತೆಯ ಪ್ರೋಗ್ರಾಮನ್ನು ಪ್ರಕಟಿಸಿದರು. ಮೊದಲು ಅಡಾ ಭಾಷೆಯಲ್ಲಿದ್ದ ಇದು ಸಿ ರೂಪದಲ್ಲಿಯೇ ಹೆಚ್ಚು ಪ್ರಚಾರ ಪಡೆಯಿತು. ವ್ಯಾಕ್ಸ್ 11/780 ಯಂತ್ರವು ಸೆಕೆಂಡಿಗೆ ಸಾಧಿಸಿದ 1757 ಆವರ್ತನಗಳನ್ನು ಒಂದು ಮಾನವೆಂದು ಹಿಡಿದು ಇತರ ಯಂತ್ರಗಳನ್ನು ಅಳೆಯಲಾಯಿತು. ಆದರೆ ಕಂಪೈಲರುಗಳು ಚತುರವಾದಂತೆ ಪ್ರೋಗ್ರಾಮಿನ ಕೆಲಭಾಗಗಳು ಮಾಯವಾಗತೊಡಗಿದವು. ಮಾಡದ ಕೆಲಸವೂ ಯಂತ್ರದ ವೇಗದ ಲೆಕ್ಕಕ್ಕೆ ಸೇರಿತು. ಅಂಕಿಯನ್ನು ನಂಬಿ ಯಂತ್ರ ಕೊಳ್ಳುವವನಿಗೆ ಇದು ನಷ್ಟದ ವಿಷಯ.

1988ರ ಎರಡನೆಯ ಆವೃತ್ತಿಯಲ್ಲಿ ವೈಕರರು ಕಂಡುಕೊಂಡ ಪರಿಹಾರ ಗಮನಾರ್ಹವಾದುದು. ಲೆಕ್ಕಹಾಕಿದ ಮೌಲ್ಯಗಳನ್ನು ಕೊನೆಯಲ್ಲಿ ಮುದ್ರಿಸುವಂತೆ ಮಾಡಿದರು. ಪ್ರೋಗ್ರಾಮನ್ನು ಎರಡು ಕಡತಗಳಾಗಿ ವಿಂಗಡಿಸಿ ಬೇರೆ ಬೇರೆಯಾಗಿ ಕಂಪೈಲ್ ಮಾಡಬೇಕೆಂದು ವಿಧಿಸಿದರು. ಮರುವರ್ಷವೇ, 1989ರ ಅಮೆರಿಕದ ಪ್ರಮಾಣಿತ ಸಿ ಭಾಷೆಯಲ್ಲಿ ‘ವೋಲಟೈಲ್’ ಎಂಬ ಪದಕ್ಕೆ ಸ್ಥಾನ ದೊರೆಯಿತು. ಹಾಗೆ ಗುರುತಿಸಿದ ಚರಮೌಲ್ಯವನ್ನು ಪ್ರೋಗ್ರಾಮು ಹೇಳಿದಷ್ಟು ಸಲ ಓದಲೇಬೇಕು, ಬರೆಯಲೇಬೇಕು. ಕಂಪೈಲರು ಅದನ್ನು ಬಿಡುವಂತಿಲ್ಲ.

ಆದರೆ ಅಪಾಯವು ಅಳತೆಗೆ ಮಾತ್ರ ಸೀಮಿತವಾಗಿರಲಿಲ್ಲ. 2009ರಲ್ಲಿ ಲಿನಕ್ಸ್ ಕರ್ನೆಲಿನ ಒಂದು ಭಾಗದಲ್ಲಿ, ವಿಳಾಸವೊಂದನ್ನು ಮೊದಲು ಬಳಸಿ, ಅದು ಶೂನ್ಯವೇ ಎಂಬ ಪರೀಕ್ಷೆಯನ್ನು ಅನಂತರ ಬರೆಯಲಾಗಿತ್ತು. ಶೂನ್ಯ ವಿಳಾಸದ ಬಳಕೆ ಸಿ ಭಾಷೆಯಲ್ಲಿ ಅವಿಹಿತ. ಆದುದರಿಂದ ಬಳಸಿದ ವಿಳಾಸವು ಶೂನ್ಯವಾಗಿರದೆಂದು ತರ್ಕಿಸಿ ಜಿಸಿಸಿ ಕಂಪೈಲರು ಪರೀಕ್ಷೆಯನ್ನೇ ತೆಗೆಯಿತು. ಕಾವಲುಗಾರನಿಲ್ಲದ ಆ ಬಾಗಿಲು ಆಕ್ರಮಣಕ್ಕೆ ದಾರಿಯಾಯಿತು. ಪರೀಕ್ಷೆಯನ್ನು ಬಳಕೆಗಿಂತ ಮುಂಚೆ ಇರಿಸಿ ದೋಷವನ್ನು ತಿದ್ದಲಾಯಿತು. ಇಂತಹ ಪರೀಕ್ಷೆಗಳನ್ನು ಅಳಿಸಬಾರದೆಂಬ ಆಜ್ಞೆಯನ್ನೂ ಕರ್ನೆಲಿನ ಕಂಪೈಲಿಗೆ ಸೇರಿಸಲಾಯಿತು.

ಈ ಪ್ರಕರಣಗಳಿಂದ ಹೊರಡುವ ನಿರ್ಣಯ ಒಂದೇ. ಕಂಪೈಲರು ಬರೆದವನ ಉದ್ದೇಶವನ್ನು ಅರಿಯದು. ಭಾಷೆಯ ನಿಯಮವನ್ನೂ ಹೊರಗೆ ಕಾಣುವ ಪರಿಣಾಮವನ್ನೂ ಮಾತ್ರ ಅರಿಯುತ್ತದೆ. ಆಪ್ಟಿಮೈಸೇಶನನ್ನು ಸಂಪೂರ್ಣವಾಗಿ ನಿಲ್ಲಿಸುವುದು ಪರಿಹಾರವೆನಿಸದು. ಆಗ ಪರೀಕ್ಷೆಗೆ ಒಳಗಾಗುವ ಪ್ರೋಗ್ರಾಮೂ ಜನ ಬಳಸುವ ಪ್ರೋಗ್ರಾಮೂ ಬೇರೆ ಬೇರೆಯಾಗುವುವು. ಪರೀಕ್ಷೆಯ ಫಲವು ಎಲ್ಲಿಯಾದರೂ ಸಾಕ್ಷ್ಯವಾಗಿ ಉಳಿಯುವಂತೆ ಬರೆಯುವುದೇ ಯುಕ್ತ. ಸಾಕ್ಷ್ಯವನ್ನು ಉಳಿಸದ ಘಟನೆಯನ್ನು ಇತಿಹಾಸಕಾರನೂ ನಡೆದುದೆಂದು ಲೆಕ್ಕಕ್ಕೆ ಹಿಡಿಯಲಾರನಷ್ಟೆ.