ಬೆಟ್ಟು, ಮಜಲು, ಬೈಲು

ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯ ಜನಜೀವನದ ಚರಿತ್ರೆಯನ್ನು ಬಾರಕೂರಿನ ಶಾಸನಗಳಲ್ಲಿ ಮಾತ್ರವಲ್ಲ, ಗದ್ದೆಗಳ ಹೆಸರಿನಲ್ಲಿಯೂ ಓದಬೇಕು. ಮಳೆಯನ್ನೇ ನಂಬಿದ ಎತ್ತರದ ನೆಲ ಬೆಟ್ಟು. ಅಲ್ಲಿ ಒಂದೇ ಬೆಳೆ. ನಡುವಿನ ಮಜಲಿನಲ್ಲಿ ಎರಡು. ತಗ್ಗಿನ ಬೈಲಿನಲ್ಲಿ ನೀರು ನಿಂತರೆ ಮೂರು. ಒಕ್ಕಲು ಅಳೆಯಬೇಕಾದ ಗೇಣಿಯ ಅಕ್ಕಿಮುಡಿಗಳೂ ಈ ಅಂತರವನ್ನೇ ಅನುಸರಿಸುತ್ತಿದ್ದವು. ಹೊಳೆಯ ದಾರಿಯಲ್ಲಿ ಬಸರೂರಿಗೆ ಇಳಿದ ಅಕ್ಕಿ ಕಡಲಾಚೆಗೂ ಹೋಯಿತು. 1569ರಲ್ಲಿ ಪೋರ್ಚುಗೀಸರು ಆ ಬಂದರಿನ ಮೇಲೆ ದಂಡೆತ್ತಿ ಬಂದುದರ ಹಿಂದೆ ಅಕ್ಕಿಯ ಆಸೆಯೂ ಇತ್ತು. ಬಂದರಿನ ಸಿರಿಯನ್ನು ಪ್ರವಾಸಿಗರು ಬರೆದಿಟ್ಟರು. ಬೆಳೆದವನ ಗಂಜಿಯ ಲೆಕ್ಕವನ್ನು ಯಾರೂ ಬರೆಯಲಿಲ್ಲ. 1974ರ ಭೂಸುಧಾರಣೆಯ ತಿದ್ದುಪಡಿಯಿಂದ ಗೇಣಿ ಅಳಿದು ಒಕ್ಕಲು ಒಡೆಯನಾದ. ಇಂದು ಹಲವು ಬೈಲುಗಳು ಮಣ್ಣು ತುಂಬಿ ನಿವೇಶನಗಳಾಗುತ್ತಿವೆ. ಗದ್ದೆ ಹೋದರೂ ಮನೆತನದ ಹೆಸರುಗಳಲ್ಲಿ ಬೆಟ್ಟು, ಮಜಲು ಉಳಿದಿವೆ. ಅರ್ಥ ಬಲ್ಲ ಹಿರಿಯರಿರುವಾಗಲೇ ಅವನ್ನು ಸಂಗ್ರಹಿಸಬೇಕಾದುದು ಸಂಶೋಧಕರ ಹೊಣೆ.